ವಿವಾಹ ವಿಚ್ಛೇದನವೂ ವರ್ತಕರ ಲೆಕ್ಕಪತ್ರವೂ

ಪತಿ-ಪತ್ನಿಯರು ಪಾಲುದಾರರಾಗಿರುವ ವ್ಯಾಪಾರ ಸಂಸ್ಥೆಗಳು ಹುಬ್ಬಳ್ಳಿ-ಧಾರವಾಡದಲ್ಲಿ ವಿರಳವಲ್ಲ. ತೆರಿಗೆಯ ಅನುಕೂಲಕ್ಕೋ ಬ್ಯಾಂಕಿನ ಸಾಲಕ್ಕೋ ಪತ್ನಿಯ ಹೆಸರು ಪಾಲುದಾರಿಕೆ ಪತ್ರದಲ್ಲಿ ಸೇರುತ್ತದೆ. ಜಾಮೀನು ಪತ್ರದಲ್ಲಿಯೂ ಆಕೆಯ ಸಹಿ ಬೀಳುತ್ತದೆ. ದಾಂಪತ್ಯ ಮುರಿದು ನ್ಯಾಯಾಲಯದ ಮೆಟ್ಟಿಲೇರಿದಾಗ ಈ ಸಹಿಗಳ ನೆನಪು ಯಾರಿಗೂ ಆಗುವುದಿಲ್ಲ. ಡಿಕ್ರಿಯಿಂದ ವಿವಾಹ ಕೊನೆಗೊಳ್ಳುತ್ತದೆ. ಪಾಲುದಾರಿಕೆಯಾಗಲಿ ಜಾಮೀನಾಗಲಿ ತಾನಾಗಿಯೇ ಕೊನೆಗೊಳ್ಳುವುದಿಲ್ಲ.

ವಿಚ್ಛೇದನವಾದರೆ ಅರ್ಧ ಆಸ್ತಿ ಪತ್ನಿಗೆ ಹೋಗುತ್ತದೆಂಬ ಮಾತು ಪೇಟೆಯಲ್ಲಿ ಕೇಳಿಬರುತ್ತದೆ. ಅದು ಅಮೆರಿಕದ ಕ್ಯಾಲಿಫೋರ್ನಿಯಾದಂತಹ ರಾಜ್ಯಗಳ ಪದ್ಧತಿಯೇ ಹೊರತು ಭಾರತದ ಕಾನೂನಲ್ಲ. ವೀರಶೈವ ಲಿಂಗಾಯತರಿಗೂ ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯ 25ನೆಯ ಕಲಮಿನಡಿ ನ್ಯಾಯಾಲಯವು ಉಭಯತರ ಆದಾಯ, ಆಸ್ತಿ ಮತ್ತು ನಡತೆಯನ್ನು ನೋಡಿ ಶಾಶ್ವತ ಜೀವನಾಂಶವನ್ನು ಗೊತ್ತುಪಡಿಸುತ್ತದೆ. ಅಗತ್ಯವೆನಿಸಿದರೆ ಸ್ಥಿರಾಸ್ತಿಯ ಮೇಲೆ ಅದರ ಭಾರವನ್ನೂ ಹೊರಿಸಬಹುದು. ವಿವಾಹದ ವೇಳೆಗೆ ಇಬ್ಬರಿಗೂ ಸೇರಿ ಬಂದ ವಸ್ತುಗಳ ವಿಚಾರವು 27ನೆಯ ಕಲಮಿನಲ್ಲಿದೆ. ಸ್ತ್ರೀಧನದ ಚಿನ್ನವಂತೂ ಪತ್ನಿಯದೇ. ಅದು ಅಂಗಡಿಯ ತಿಜೋರಿಯಲ್ಲಿದ್ದರೂ ಪತಿಯದಾಗದೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿಯೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಕ್ಕಳಿಗಿರುವ ಹಕ್ಕನ್ನು ತಂದೆ-ತಾಯಿಗಳ ರಾಜಿಪತ್ರವು ಅಳಿಸಲಾರದು. 2005ರ ತಿದ್ದುಪಡಿಯ ನಂತರ ಮಗಳೂ ಮಗನಂತೆಯೇ ಹಕ್ಕುದಾರಳು.

ವ್ಯಾಪಾರದ ಪಾಲು ಬೇರೆಯೇ ಮಾತು. ಉದಾಹರಣೆಗೆ, ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿ ಪತಿ-ಪತ್ನಿ ಇಬ್ಬರೇ ಪಾಲುದಾರರಾಗಿರುವ ಒಂದು ದಲಾಲಿ ಅಂಗಡಿಯನ್ನು ಕಲ್ಪಿಸಿಕೊಳ್ಳಬಹುದು. ಪತ್ನಿಯ ಬಂಡವಾಳ ಖಾತೆಯಲ್ಲಿ 12 ಲಕ್ಷ ರೂಪಾಯಿ ಜಮೆ ಇದೆ. ಸಂಸ್ಥೆಗೆ 40 ಲಕ್ಷದ ಕ್ಯಾಶ್ ಕ್ರೆಡಿಟ್ ಸಾಲವಿದ್ದು, ಪತ್ನಿಯ ಹೆಸರಿನ ಮನೆ ಅದಕ್ಕೆ ಅಡಮಾನವಾಗಿದೆ. ಪ್ರಕರಣ ನಡೆದಾಗ ಪತಿಯು ಆಕೆಯನ್ನು "ಹೆಸರಿಗೆ ಮಾತ್ರ ಪಾಲುದಾರಳು" ಎನ್ನುತ್ತಾರೆ. ಜೀವನಾಂಶದ ಪ್ರಶ್ನೆ ಬಂದೊಡನೆ "ಆಕೆಗೆ ಸಂಸ್ಥೆಯಿಂದ ಲಾಭ ಬರುತ್ತದೆ" ಎನ್ನುತ್ತಾರೆ. ಎರಡೂ ಮಾತು ಒಟ್ಟಿಗೆ ನಿಲ್ಲಲಾರವು. ಸರ್ವೋಚ್ಚ ನ್ಯಾಯಾಲಯವು 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಉಭಯತರೂ ಆಸ್ತಿ ಹಾಗೂ ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ವಿಧಿಸಿದ ಮೇಲೆ, ತೆರಿಗೆ ಇಲಾಖೆಗೆ ತೋರಿಸಿದ ಲೆಕ್ಕವೇ ನ್ಯಾಯಾಧೀಶರ ಮೇಜಿನ ಮೇಲೂ ಬರುತ್ತದೆ.

ಪತ್ನಿಯ ಲೆಕ್ಕವನ್ನು ಚುಕ್ತಾ ಮಾಡದೆ ಪತಿಯು ಅದೇ ಬಂಡವಾಳದಿಂದ ವ್ಯಾಪಾರ ಮುಂದುವರಿಸಿದರೆ, 1932ರ ಪಾಲುದಾರಿಕೆ ಕಾಯಿದೆಯ 37ನೆಯ ಕಲಮು ಆಕೆಯ ನೆರವಿಗಿದೆ. ಬೇರೆ ಕರಾರು ಇಲ್ಲದಿದ್ದರೆ, ತನ್ನ ಪಾಲಿನ ಬಳಕೆಯಿಂದ ಬಂದ ಲಾಭವನ್ನು ಆಕೆ ಕೇಳಬಹುದು, ಅಥವಾ ವರ್ಷಕ್ಕೆ ಶೇಕಡಾ 6ರಂತೆ ಬಡ್ಡಿಯನ್ನು ಕೇಳಬಹುದು.

ಹೆಚ್ಚಿನ ಅಪಾಯವಿರುವುದು ಬ್ಯಾಂಕಿನ ಸಾಲದಲ್ಲಿ. ರಾಜಿಯಂತೆ ಮನೆ ಪತ್ನಿಗೇ ಉಳಿಯಿತೆನ್ನೋಣ. ಬ್ಯಾಂಕು ಆ ರಾಜಿಯಲ್ಲಿ ಪಕ್ಷಗಾರನಲ್ಲ. ಅದರ ಅಡಮಾನ ಹಾಗೆಯೇ ನಿಲ್ಲುತ್ತದೆ. ಎರಡು ವರ್ಷಗಳ ನಂತರ ಅಂಗಡಿಯ ಸಾಲ ಸುಸ್ತಿಯಾದರೆ, 2002ರ ಸರ್ಫೇಸಿ ಕಾಯಿದೆಯಂತೆ 60 ದಿನಗಳ ನೋಟೀಸು ಆ ಮನೆಯ ಬಾಗಿಲಿಗೇ ಬರುತ್ತದೆ. ಮುಂದಿನ ವ್ಯವಹಾರಗಳ ಮಟ್ಟಿಗೆ ಜಾಮೀನನ್ನು ನೋಟೀಸು ಕೊಟ್ಟು ಹಿಂಪಡೆಯಲು 1872ರ ಕರಾರು ಕಾಯಿದೆಯಲ್ಲಿ ಅವಕಾಶವಿದ್ದರೂ, ಆಗಲೇ ಬಾಕಿಯಿರುವ ಹಣದ ಹೊಣೆ ತಪ್ಪುವುದಿಲ್ಲ. ಆದುದರಿಂದ ರಾಜಿಪತ್ರಕ್ಕೆ ಸಹಿ ಹಾಕುವ ಮೊದಲೇ ಬೇರೆ ಜಾಮೀನನ್ನು ಒದಗಿಸಿ ಬ್ಯಾಂಕಿನಿಂದ ಲಿಖಿತ ಬಿಡುಗಡೆ ಪತ್ರವನ್ನು ಪಡೆಯುವುದು ಲೇಸು. ಇದು ಪತಿಗೂ ಹಿತಕರ: ಮನಸ್ತಾಪದಲ್ಲಿರುವ ಜಾಮೀನುದಾರಳ ಸಹಿಯಿಲ್ಲದೆ ಸಾಲದ ನವೀಕರಣವೇ ನಿಂತುಹೋಗಬಹುದು.

ಇಬ್ಬರೇ ಪಾಲುದಾರರಿರುವ ಸಂಸ್ಥೆಯಿಂದ ಒಬ್ಬರು ಹೊರಬಿದ್ದರೆ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ಸಂಸ್ಥೆ ನೋಂದಾಯಿತವಾಗಿದ್ದರೆ ಸಂಸ್ಥೆಗಳ ನೋಂದಣಾಧಿಕಾರಿಗೆ ತಿಳಿವಳಿಕೆ ಕೊಟ್ಟು, ರಾಜ್ಯಪತ್ರದಲ್ಲಿಯೂ ಜಿಲ್ಲೆಯ ಒಂದು ದೇಶಭಾಷಾ ಪತ್ರಿಕೆಯಲ್ಲಿಯೂ ಪ್ರಕಟಣೆ ಹೊರಡಿಸಬೇಕು. ಅಲ್ಲಿಯವರೆಗೆ ಒಬ್ಬರು ಮಾಡಿದ ವ್ಯವಹಾರಕ್ಕೆ ಇನ್ನೊಬ್ಬರು ಹೊರಗಿನವರಿಗೆ ಉತ್ತರ ಹೇಳಬೇಕಾದೀತು. ಪತಿ ಒಬ್ಬರೇ ಮುಂದುವರಿಸುವುದಾದರೆ ಪ್ಯಾನ್ ಬದಲಾಗುವುದರಿಂದ ಜಿ.ಎಸ್.ಟಿ. ನೋಂದಣಿಯೂ ಹೊಸದಾಗಬೇಕು, ದಾಸ್ತಾನಿನ ಮೇಲಿನ ತೆರಿಗೆ ಜಮೆಯ ವರ್ಗಾವಣೆಯನ್ನು ಮರೆತರೆ ನಷ್ಟ.

ಜೀವನಾಂಶದ ಹಣವನ್ನು ಅಂಗಡಿಯ ಖರ್ಚಿಗೆ ಬರೆಯುವಂತಿಲ್ಲ. ಅದು ಸ್ವಂತ ಖಾತೆಯ ಖರ್ಚು. ಒಂದೇ ಗಂಟಿನಲ್ಲಿ ಪಡೆದ ಮೊತ್ತ ಬಂಡವಾಳ ಸ್ವರೂಪದ್ದು, ತಿಂಗಳು ತಿಂಗಳು ಬರುವುದು ಆದಾಯ ಎಂದು ಮುಂಬಯಿ ಉಚ್ಚ ನ್ಯಾಯಾಲಯವು 1983ರಲ್ಲಿ ತೀರ್ಮಾನಿಸಿದೆ. ಕಂತುಗಳನ್ನು ಗೊತ್ತುಪಡಿಸುವಾಗ ಲೆಕ್ಕ ಪರಿಶೋಧಕರನ್ನು ಕೇಳುವುದು ಇದಕ್ಕಾಗಿಯೇ.

ಮುಸಲ್ಮಾನ, ಕ್ರೈಸ್ತ ಕುಟುಂಬಗಳಿಗೆ ವಿಚ್ಛೇದನದ ಕಾನೂನು ಬೇರೆಯಾದರೂ ಪಾಲುದಾರಿಕೆ, ಕರಾರು, ಅಡಮಾನಗಳ ಕಾನೂನು ಎಲ್ಲರಿಗೂ ಒಂದೇ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಅರ್ಜಿಯ ನಂತರ ಸಾಮಾನ್ಯವಾಗಿ ಆರು ತಿಂಗಳ ಅವಧಿಯಿರುತ್ತದೆ. ತಕ್ಕ ಕಾರಣವಿದ್ದಲ್ಲಿ ಅದನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಮನ್ನಾ ಕೇಳುವ ಆತುರಕ್ಕಿಂತ ಆ ಅವಧಿಯಲ್ಲಿ ದಾಸ್ತಾನು ಎಣಿಸಿ, ಬರಬೇಕಾದ ಉದ್ರಿಯನ್ನು ಪಟ್ಟಿಮಾಡಿ, ಬಂಡವಾಳ ಖಾತೆಗಳನ್ನು ತಾಳೆ ನೋಡಿ, ಸಿ.ಟಿ.ಎಸ್. ಉತಾರ ಹಾಗೂ ಮಹಾನಗರ ಪಾಲಿಕೆಯ ದಾಖಲೆಗಳಲ್ಲಿ ಯಾರ ಹೆಸರಿದೆ, ಯಾವ ಬ್ಯಾಂಕಿನ ಬೋಜಾ ಇದೆ ಎಂಬುದನ್ನು ತೆಗೆದು ನೋಡುವುದು ಹೆಚ್ಚು ಉಪಯುಕ್ತ.