ಸಭೆಯಲ್ಲಿ ಸತ್ಯವಾಗಿ ಮಾತಾಡುವದರ ವಿಷಯ



ನಮ್ಮ ಕೋಡಿಹಳ್ಳಿಯ ಸೀಮೆಯಲ್ಲಿ ಮಾತಿಗೆ ಬಡತನವಿಲ್ಲ. ಕಾಡಂಚಿನ ಹೊಲದಲ್ಲಿ ಆನೆಗಳು ರಾಗಿಯನ್ನು ತುಳಿದರೂ, ರೇಷ್ಮೆಗೂಡಿನ ಧಾರಣೆ ಇಳಿದರೂ, ನಲ್ಲಿಯಲ್ಲಿ ಮೂರು ದಿವಸ ನೀರು ಬಾರದಿದ್ದರೂ, ಅರಳೀಕಟ್ಟೆಯ ಮೇಲೆ ಎಲ್ಲರೂ ಎಲ್ಲವನ್ನೂ ಹೇಳುವರು. ಆದರೆ ಅದನ್ನು ಯಾರ ಮುಂದೆ ಹೇಳತಕ್ಕದ್ದೋ ಅವರ ಮುಂದೆ ನಿಂತಾಗ ನಾಲಿಗೆ ಒಣಗುವದು. ಈ ತಿಂಗಳ ಪಾಠವು ಇದರ ವಿಷಯವಾಗಿಯೇ. ಇತರರಿಗೆ ಬುದ್ಧಿ ಹೇಳಬೇಕೆಂದು ನಾವು ಬರೆಯುತ್ತಿಲ್ಲ. ಇದರಲ್ಲಿ ತಪ್ಪಿದವರು ನಾವೇ.

ಹೇಗಂದರೆ, ಕೆಲವು ವರುಷಗಳ ಕೆಳಗೆ ಒಂದು ಗ್ರಾಮಸಭೆಯಲ್ಲಿ ಮನೆಯಿಲ್ಲದವರ ಪಟ್ಟಿಯನ್ನು ಓದಿದರು. ಗೋಡೆ ಬಿದ್ದ ಗುಡಿಸಲಲ್ಲಿ ವಾಸವಾಗಿದ್ದ ಒಬ್ಬ ವಿಧವೆಯ ಹೆಸರು ಅದರಲ್ಲಿ ಇರಲಿಲ್ಲ. ತಾರಸಿಯ ಮನೆಯುಳ್ಳವನೊಬ್ಬನ ಹೆಸರು ಇತ್ತು. ಈ ಎರಡೂ ಸಂಗತಿಗಳನ್ನು ನಾವು ಕಣ್ಣಾರೆ ಬಲ್ಲವರಾಗಿದ್ದೆವು. ಆದರೆ ನಮ್ಮ ಮಗನ ಒಂದು ಕಾಗದಕ್ಕೆ, ಪಟ್ಟಿಯನ್ನು ಓದಿದವರಿಂದಲೇ ಮರುದಿನ ಕೆಲಸವಾಗಬೇಕಾಗಿತ್ತು. "ಆಕ್ಷೇಪಣೆ ಉಂಟೋ?" ಎಂದು ಕೇಳಿದರು. ನಾವು ನೆಲವನ್ನು ನೋಡಿದೆವು. ಸರ್ವರ ಸಮ್ಮತಿಯಿಂದ ಎಂಬದಾಗಿ ಪುಸ್ತಕದಲ್ಲಿ ಬರೆಯಲ್ಪಟ್ಟಿತು. ಅದರ ಕೆಳಗೆ ನಮ್ಮ ರುಜುವೂ ಇದೆ. ಆ ಮಳೆಗಾಲವನ್ನು ಆಕೆ ಅದೇ ಗೋಡೆಯ ಮಗ್ಗುಲಲ್ಲಿ ಕಳೆದಳು.

ಸಭೆಯಲ್ಲಿ ಬಾಯಿ ತೆರೆಯುವದಕ್ಕೆ ನಮ್ಮ ಪೂರ್ವಿಕರಿಗೆ ಎಷ್ಟು ಸ್ವಲ್ಪ ಸ್ಥಳವಿತ್ತೆಂಬದನ್ನು ಜ್ಞಾಪಕಮಾಡಿಕೊಳ್ಳಿರಿ. 1876ರಿಂದ 1878ರ ವರೆಗೆ ಮೈಸೂರು ಸೀಮೆಯಲ್ಲಿ ದೊಡ್ಡ ಕ್ಷಾಮವಾಯಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಸಂಸ್ಥಾನದ ಜನರು 1881ರಲ್ಲಿ ಸುಮಾರು 42 ಲಕ್ಷ ಮಾತ್ರವೇ ಉಳಿದಿದ್ದರು. ಆಗ ಕಾನಕಾನಹಳ್ಳಿ ಎಂದು ಕರೆಯಲ್ಪಡುತ್ತಿದ್ದ ನಮ್ಮ ಕನಕಪುರದ ಸೀಮೆಯೂ ಆ ಸಂಸ್ಥಾನದೊಳಗಿನದೇ. 1881ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರ ಕೈಗೆ ಬಂದ ಮೇಲೆ, ದಿವಾನರಾದ ರಂಗಾಚಾರ್ಲುರವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. ಅದೇ ವರುಷ ಅಕ್ಟೋಬರ್ 7ರಲ್ಲಿ 144 ಮಂದಿ ಮೈಸೂರಲ್ಲಿ ಕೂಡಿಬಂದರು. ದಿವಾನರು ಸಂಸ್ಥಾನದ ಆದಾಯ ವೆಚ್ಚಗಳನ್ನು ಅವರ ಮುಂದೆ ಓದಿ ಹೇಳಿದರು. ಅವರ ಅಹವಾಲುಗಳನ್ನು ಕೇಳಿದರು. ಕಾಯಿದೆ ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ಇದ್ದಾಗ್ಯೂ, ದೊರೆತನ ನಡಿಸುವವರು ಪ್ರಜೆಗಳ ಮುಖವನ್ನು ನೋಡಿ ಲೆಕ್ಕ ಒಪ್ಪಿಸುವದೆಂದರೆ ಆ ಕಾಲಕ್ಕೆ ಅಲ್ಪ ಸಂಗತಿಯಲ್ಲ. ಆದರೆ ಅಲ್ಲಿಗೆ ಹೋದವರು ಭೂಮಿಯುಳ್ಳ ರೈತರೂ ವರ್ತಕರೂ ಮೊದಲಾದ ಅನುಕೂಲವಂತರು. ಕೂಲಿಯವನಿಗೆ ಅಲ್ಲಿ ಚಾಪೆ ಇರಲಿಲ್ಲ. ಸ್ತ್ರೀಯರಿಗಂತೂ ಬಾಗಿಲೇ ಇರಲಿಲ್ಲ.

ಈಗಲಾದರೋ ಹಾಗಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬನೂ ಪ್ರತಿಯೊಬ್ಬಳೂ ಗ್ರಾಮಸಭೆಯ ಸದಸ್ಯರೇ. ವಾರ್ಡುಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಹಾಜರಾದವರಲ್ಲಿ ನೂರಕ್ಕೆ 30ಕ್ಕೆ ಕಡಿಮೆಯಿಲ್ಲದೆ ಸ್ತ್ರೀಯರಿರಬೇಕು. ಭೂಮಿ ಉಂಟೋ, ಅಕ್ಷರ ಬರುವದೋ ಎಂದು ಯಾರೂ ಕೇಳುವ ಹಾಗಿಲ್ಲ. ಅಜ್ಜಂದಿರಿಗೆ ಸಿಕ್ಕದ ಚಾಪೆಯ ಮೇಲೆ ನಾವು ಕೂತಿದ್ದೇವೆ. ಕೂತು, ರುಜು ಹಾಕಿ, ಊಟದ ಹೊತ್ತಾಯಿತೆಂದು ಎದ್ದು ಬರುತ್ತೇವೆ.

"ಯಥಾರ್ಥವಾದಿ ಲೋಕವಿರೋಧಿ" ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಎದ್ದು ಮಾತಾಡಿದವನ ಬೀದಿಗೆ ಮರುದಿನ ನೀರು ತಡವಾಗಿ ಬಂದೀತು, ಕೂಲಿಗೆ ಕರೆಯುತ್ತಿದ್ದವನು ಕರೆಯದೆ ಇದ್ದಾನು. ಇದನ್ನು ಮರೆಮಾಡಿ "ಧೈರ್ಯವಾಗಿರ್ರಿ" ಎಂದು ಬರೆಯುವದು ಸುಲಭ. ಸಂಬಳವುಳ್ಳವನು ಕೂಲಿಯವನಿಗೆ ಹಾಗೆ ಹೇಳುವದು ನ್ಯಾಯವೂ ಅಲ್ಲ. ಆದಕಾರಣ ಒಂಟಿಯಾಗಿ ಹೋಗಬೇಡಿರಿ. ಅರಣ್ಯಕಾಂಡದ 27ನೆಯ ಅಧ್ಯಾಯವನ್ನು ಮನೆಯಲ್ಲಿ ಓದಿರಿ: ತಂದೆಯ ಪಾಲನ್ನು ಕೇಳುವದಕ್ಕೆ ಅಕ್ಕತಂಗಿಯರು ಐವರೂ ಕೂಡಿಯೇ ಮೋಶೆಯ ಮುಂದೆಯೂ ಸರ್ವಸಭೆಯ ಮುಂದೆಯೂ ನಿಂತರು. ಅವರ ಮಾತಿನಿಂದ ನಿಯಮವೇ ಬದಲಾಯಿತು. ಅವರು ಯಾರನ್ನೂ ಬೈಯಲಿಲ್ಲವೆಂಬದನ್ನೂ ಗಮನಿಸಿರಿ.

ಹಾಗೆಯೇ ನಾವೂ ಕಂಡದ್ದನ್ನು ಕಂಡಷ್ಟೇ ಹೇಳಬೇಕು. "ಹೀಗಂತೆ" ಎಂಬ ಮಾತು ಕಟ್ಟೆಗೆ ಸಾಕು, ಸಭೆಗೆ ಸಾಲದು. ಇಂಥವನು ಕಳ್ಳನೆಂದರೆ ಜಗಳ ಹುಟ್ಟುವದು. ಇಂಥ ಮನೆಯ ಗೋಡೆ ಬಿದ್ದಿದೆ, ಬಂದು ನೋಡಿರಿ ಎಂದರೆ ಉತ್ತರ ಕೊಡಲೇಬೇಕಾಗುವದು. ನಾವು ಹೇಳಿದ್ದು ತಪ್ಪೆಂದು ಬೇರೊಬ್ಬನು ತೋರಿಸಿದರೆ ಅಲ್ಲಿಯೇ ಒಪ್ಪಿಕೊಳ್ಳುವದೂ ಯಥಾರ್ಥತೆಯೇ. ನಮ್ಮವರೆಂಬ ಕಾರಣದಿಂದ ನಮ್ಮವರ ತಪ್ಪಿಗೆ ಸುಮ್ಮನಿರುವವನ ಮಾತನ್ನು ಮತ್ತೊಂದು ದಿವಸ ಯಾರೂ ನಂಬರು. ಹೇಳಿದ ಮಾತು ನಡಾವಳಿ ಪುಸ್ತಕದಲ್ಲಿ ಸೇರಿತೋ ಎಂದು ಏಳುವ ಮೊದಲು ಓದಿಸಿ ಕೇಳಿರಿ. ಅರ್ಜಿ ಕೊಟ್ಟರೆ ಮೊಹರು ಹಾಕಿದ ಸ್ವೀಕೃತಿಯನ್ನು ಪಡೆಯಿರಿ. ನಡಾವಳಿಯ ನಕಲು ಬೇಕಾದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯುಂಟು. ಅರ್ಜಿಯ ಶುಲ್ಕ 10 ರೂಪಾಯಿ, 30 ದಿವಸಗಳೊಳಗೆ ಉತ್ತರ ಬರಬೇಕು.

ನಾವು ಆ ವಿಧವೆಯ ಬಳಿಗೆ ಹೋಗಿ ಸಭೆಯಲ್ಲಿ ಸುಮ್ಮನಿದ್ದದ್ದನ್ನು ಒಪ್ಪಿಕೊಳ್ಳುವದಕ್ಕೆ ಒಂದು ವರುಷ ಹಿಡಿಯಿತು. ಆಕೆ ಕೋಪಿಸಲಿಲ್ಲ. ಮುಂದಿನ ಸಭೆಯ ಡಂಗುರವಾದ ದಿವಸ ತಾನಾಗಿಯೇ ನಮ್ಮ ಬಾಗಿಲಿಗೆ ಬಂದಳು. "ಉಪದೇಶಿಗಳೇ, ಈ ಸಾರಿ ನಾನೇ ಹೇಳ್ತೀನಿ. ನೀವು ಬಂದು ಪಕ್ಕದಾಗೆ ನಿಂತ್ಕಳಿ, ಸಾಕು" ಎಂದಳು. ಆಕೆಯ ಹಿಂದೆ ಬೀದಿಯ ಇನ್ನಿಬ್ಬರು ಹೆಂಗಸರು ಸೆರಗನ್ನು ಬಿಗಿಮಾಡಿಕೊಂಡು ನಿಂತಿದ್ದರು. ನಾವು ಚಪ್ಪಲಿ ಮೆಟ್ಟಿಕೊಂಡು ಅವರ ಸಂಗಡ ಹೊರಟೆವು.