ಎಳೆಗೂಸಿನ ಮೊದಲ ತುತ್ತು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ಮಳೆ ಕಡಮೆಯಾದ ಬಯಲುಸೀಮೆಗೆ ಸೇರಿದವು. ಶೇಂಗಾ, ರಾಗಿ, ನವಣೆ, ಸಜ್ಜೆಗಳು ಇಲ್ಲಿನ ಹೊಲಗಳ ಬೆಳೆಗಳು. ಮೊಳಕಾಲ್ಮುರಿನ ರೇಷ್ಮೆ ಸೀರೆಯೂ ಚಳ್ಳಕೆರೆಯ ಎಣ್ಣೆಯೂ ನಾಡಿಗೆಲ್ಲ ಪರಿಚಿತ. ಹೊಲದಲ್ಲಿಯೋ ಮಗ್ಗದ ಬಳಿಯೋ ದುಡಿಯುವ ತಾಯಿಗೆ, ಕೂಸು ಆರು ತಿಂಗಳದಾದೊಡನೆ ಹೊಸ ಪ್ರಶ್ನೆಯೊಂದು ಎದುರಾಗುತ್ತದೆ: ಹಾಲಿನ ಜೊತೆಗೆ ಏನನ್ನು, ಎಷ್ಟನ್ನು, ಹೇಗೆ ಉಣಿಸಬೇಕು? ಇದರ ಹಿಂದಿರುವ ಶಾಸ್ತ್ರವನ್ನೂ, ತಾಯಂದಿರು ಇದರಲ್ಲಿ ಒಬ್ಬರಿಗೊಬ್ಬರು ಹೇಗೆ ನೆರವಾಗಬಲ್ಲರೆಂಬುದನ್ನೂ ನಾವು ಇಲ್ಲಿ ವಿಚಾರಿಸೋಣ.

ಮೊದಲ ಆರು ತಿಂಗಳು ಶಿಶುವಿಗೆ ತಾಯಿಯ ಹಾಲೊಂದೇ ಸಾಕು, ಆಮೇಲೆ ಸಾಲದು. ಗರ್ಭದಲ್ಲಿದ್ದಾಗ ಕೂಡಿಟ್ಟುಕೊಂಡ ಕಬ್ಬಿಣ ಆ ವೇಳೆಗೆ ಬಹುಮಟ್ಟಿಗೆ ತೀರಿರುತ್ತದೆ, ಹಾಲಿನಲ್ಲಿರುವ ಕಬ್ಬಿಣವಾದರೋ ಅತ್ಯಲ್ಪ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ರಷ್ಟು ಮಂದಿಗೆ ರಕ್ತಹೀನತೆಯಿದ್ದುದು ಕಂಡುಬಂದಿತು. ಶಕ್ತಿಯ ಲೆಕ್ಕವೂ ಉಂಟು. ಆರರಿಂದ ಎಂಟು ತಿಂಗಳ ಶಿಶುವಿಗೆ ಎದೆಹಾಲಿನ ಹೊರತಾಗಿ ದಿನಕ್ಕೆ ಸುಮಾರು 200 ಕಿಲೊಕ್ಯಾಲೊರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇಷ್ಟನ್ನು ಒದಗಿಸುವುದು ಏನು ಕಷ್ಟವೆಂದು ವಾಚಕರು ಕೇಳಬಹುದು. ಕಷ್ಟವಿರುವುದು ಹೊಟ್ಟೆಯ ಗಾತ್ರದಲ್ಲಿ. ಎಂಟು ಕಿಲೋಗ್ರಾಂ ತೂಗುವ ಕೂಸಿನ ಜಠರ ಒಮ್ಮೆಗೆ ಹಿಡಿಯುವುದು ಸುಮಾರು 240 ಮಿಲಿಲೀಟರು. ರಾಗಿಯ ಹಿಟ್ಟಿನಲ್ಲಿ ಬಹುಪಾಲು ಪಿಷ್ಟ. ಬೇಯುವಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬುವುದರಿಂದ ಗಂಜಿ ಗಟ್ಟಿಯಾಗುತ್ತದೆ. ಕೂಸು ಸುಲಭವಾಗಿ ನುಂಗಲೆಂದು ತಾಯಿ ಅದಕ್ಕೆ ನೀರು ಬೆರಸುತ್ತಾಳೆ. 100 ಮಿಲಿಲೀಟರು ಗಂಜಿಯಲ್ಲಿ 6 ಗ್ರಾಂ ಹಿಟ್ಟಿದ್ದರೆ ದೊರೆಯುವುದು 20 ಕಿಲೊಕ್ಯಾಲೊರಿ ಮಾತ್ರ. ಈ ಲೆಕ್ಕದಲ್ಲಿ ಕೂಸು ದಿನಕ್ಕೆ ಒಂದು ಲೀಟರು ಗಂಜಿ ಕುಡಿಯಬೇಕು! ಹೊಟ್ಟೆ ತುಂಬುತ್ತದೆ, ಪೋಷಣೆಯಾಗದು. ಮಗು ಚೆನ್ನಾಗಿ ಉಂಡಿತೆಂಬ ಸಮಾಧಾನವೊಂದು ತಾಯಿಗೆ ಉಳಿಯುತ್ತದೆ.

ಪರಿಹಾರ ನಮ್ಮ ಅಡುಗೆಮನೆಯಲ್ಲಿಯೇ ಇತ್ತು. ರಾಗಿಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ಬಟ್ಟೆಯಲ್ಲಿ ಜಾಲಿಸಿದ ಹಿಟ್ಟಿನಿಂದ ‘ಸರಿ’ ಕಾಯಿಸುವುದು ಹಳೆಯ ರೂಢಿ. ಮೊಳೆಯುವ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಉಂಟಾಗಿ ಪಿಷ್ಟದ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತದೆ. ಆದುದರಿಂದ 100 ಮಿಲಿಲೀಟರಿಗೆ 15–20 ಗ್ರಾಂ ಹಿಟ್ಟು ಹಾಕಿದರೂ ಸರಿ ತೆಳುವಾಗಿಯೇ ಇರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ಈ ತತ್ತ್ವವನ್ನನುಸರಿಸಿಯೇ ಮೊಳಕೆ ರಾಗಿ, ಹೆಸರುಕಾಳುಗಳ ಶಿಶು ಆಹಾರವೊಂದನ್ನು 1982ರಲ್ಲಿ ರೂಪಿಸಿದರು. ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಗಟ್ಟಿಯಾದ ರಾಗಿ ಗಂಜಿ ಕೈ ತಾಳುವ ಬಿಸಿಗಿಂತ ತುಸು ಹೆಚ್ಚು ಬಿಸಿಯಿರುವಾಗ ಒಂದು ಚಮಚ ಮೊಳಕೆ ಹಿಟ್ಟನ್ನು ಬೆರಸಿ ಕದಡಿರಿ. ಕೆಲವೇ ನಿಮಿಷಗಳಲ್ಲಿ ಅದು ಸಡಿಲವಾಗುತ್ತದೆ. ಮಗುವಿಗೆ ಕೊಡುವುದಾದರೆ ಪುನಃ ಕುದಿಸಬೇಕು. ಹಿಟ್ಟಿಗೆಂದು ಕಾಳನ್ನು ಕರಿಯಾಗುವಷ್ಟು ಹುರಿದರೆ ಕಿಣ್ವ ನಾಶವಾಗುವುದೆಂಬುದನ್ನೂ ಮರೆಯಬಾರದು. ಸರಿಗೆ ಒಂದು ಚಮಚ ಶೇಂಗಾ ಎಣ್ಣೆ ಸೇರಿದರೆ ಇನ್ನೂ 45 ಕಿಲೊಕ್ಯಾಲೊರಿ ಕೂಡುತ್ತದೆ. ಇಡಿಯ ಶೇಂಗಾಬೀಜವನ್ನು ಮಾತ್ರ ಕೊಡಬಾರದು. ಅದು ಉಸಿರುನಾಳದಲ್ಲಿ ಸಿಕ್ಕಿಕೊಳ್ಳಬಹುದು. ಕಬ್ಬಿಣದ ಕೊರತೆ ರಾಗಿಯೊಂದರಿಂದಲೇ ನೀಗದು. ಬೇಳೆ, ಸೊಪ್ಪು, ಒಗ್ಗುವ ಮನೆಗಳಲ್ಲಿ ಮೊಟ್ಟೆ ಮಾಂಸಗಳೂ ಬೇಕು.

ಇಷ್ಟೆಲ್ಲ ತಿಳಿದ ಮೇಲೂ ಮೊದಲ ತುತ್ತನ್ನು ಕೂಸು ನಾಲಗೆಯಿಂದ ಹೊರದೂಡಿದಾಗ ಚೊಚ್ಚಲ ತಾಯಿ ಎದೆಗುಂದುತ್ತಾಳೆ. ಅದು ಬೇಡವೆಂಬ ಸೂಚನೆಯಲ್ಲ. ಮೊಲೆಯುಣ್ಣುವ ಕಾಲದ ಸಹಜ ಪ್ರತಿಕ್ರಿಯೆಯ ಶೇಷ. ಹೊಸ ರುಚಿಯನ್ನು ಎಂಟು ಹತ್ತು ಸಲ ಕೊಟ್ಟ ಮೇಲೆ ಒಪ್ಪುವ ಮಕ್ಕಳೇ ಹೆಚ್ಚು. ಪುಸ್ತಕದ ಈ ಮಾತಿಗಿಂತ, ‘ನನ್ನ ಮಗನೂ ಹೀಗೇ ಉಗುಳುತ್ತಿದ್ದ ಕಣಮ್ಮ, ನಾಳೆ ಮತ್ತೆ ಕೊಡು’ ಎಂಬ ನೆರೆಯವಳ ಮಾತು ಆಕೆಗೆ ಹೆಚ್ಚು ಧೈರ್ಯ ಕೊಡುವುದು ಸಹಜವಾಗಿಯೇ ಇದೆ.

ಇದನ್ನು ಪ್ರಯೋಗದಿಂದ ಪರೀಕ್ಷಿಸಿಯೂ ಆಗಿದೆ. ಆಗ ಆಂಧ್ರಪ್ರದೇಶಕ್ಕೆ ಸೇರಿದ್ದ ನಲ್ಗೊಂಡ ಜಿಲ್ಲೆಯ 60 ಹಳ್ಳಿಗಳ ಪೈಕಿ ಕೆಲವು ಹಳ್ಳಿಗಳಲ್ಲಿ, ತರಬೇತು ಪಡೆದ ಹಳ್ಳಿಯ ಹೆಂಗಸರೇ ತಾಯಂದಿರ ಮನೆಗಳಿಗೆ ಹೋಗಿ ಉಣಿಸುವ ಕ್ರಮವನ್ನು ತಿಳಿಸಿದರು. ಅಂಥ ಹಳ್ಳಿಗಳ ಶಿಶುಗಳು ಉಳಿದವಕ್ಕಿಂತ ಹೆಚ್ಚು ಪೋಷಕಾಂಶಗಳನ್ನು ಪಡೆದುವೆಂದು 2013ರಲ್ಲಿ ಪ್ರಕಟವಾಯಿತು. ಮಗುವಿನ ಹಸಿವಿನ ಸೂಚನೆಗಳನ್ನು ಗಮನಿಸುತ್ತ, ಮಾತನಾಡಿಸುತ್ತ ಉಣಿಸುವುದನ್ನೂ ಕಲಿಸಿದ ಕಡೆ ಬುದ್ಧಿಯ ಬೆಳವಣಿಗೆಯೂ ಉತ್ತಮವಾಗಿತ್ತು.

ಇಲ್ಲಿ ‘ತರಬೇತು’ ಎಂಬ ಶಬ್ದವನ್ನು ಗಮನಿಸಬೇಕು. ನೆರೆಯವರ ಮಾತೆಲ್ಲ ಶಾಸ್ತ್ರಸಮ್ಮತವಲ್ಲ. ಭೇದಿಯಾದಾಗ ಉಣಿಸುವುದನ್ನೇ ನಿಲ್ಲಿಸೆಂಬ ಸಲಹೆಯೂ ನೆರೆಮನೆಯಿಂದಲೇ ಬರುತ್ತದೆ, ಅದು ಅಪಾಯಕರ. ಆಗ ಹಾಲನ್ನೂ ಆಹಾರವನ್ನೂ ಮುಂದುವರಿಸಿ, ಜೀವಜಲ ದ್ರಾವಣವನ್ನು ಕುಡಿಸಬೇಕು. 2018ರಲ್ಲಿ ಆರಂಭವಾದ ಪೋಷಣ್ ಅಭಿಯಾನದಲ್ಲಿ ಅಂಗನವಾಡಿಗಳಲ್ಲಿ ಅನ್ನಪ್ರಾಶನದ ದಿನವನ್ನು ಆಚರಿಸುವ ಏರ್ಪಾಡಿದೆ. ಆರು ತಿಂಗಳು ತುಂಬಿದ ಕೂಸುಗಳೊಡನೆ ತಾಯಂದಿರು ಅಲ್ಲಿ ಕಲೆಯುತ್ತಾರೆ. ಒಬ್ಬಳು ಒಲೆಯ ಮೇಲೆ ಸರಿ ಕಾಯಿಸುವಾಗ ಉಳಿದವರು ಅದರ ಹದ ನೋಡಿ ಕೇಳಬಹುದು, ಹೇಳಬಹುದು. ತಪ್ಪಿದ ಕಡೆ ತಿದ್ದಲು ಕಾರ್ಯಕರ್ತೆ ಪಕ್ಕದಲ್ಲಿಯೇ ಇರುತ್ತಾಳೆ.