ಉಂಗುರ ಕೊಳ್ಳುವ ಮುಂಚೆ ಕೂತು ಲೆಕ್ಕ ಹಾಕಿ

ಯೌವನಸ್ಥರ ಕೂಟದ ಅಧ್ಯಯನ
ವಾಕ್ಯಭಾಗ: ಆದಿಕಾಂಡ 24:10–27, ಲೂಕ 14:28–30

ಎಲ್ಲರೂ ಆದಿಕಾಂಡ 24ಕ್ಕೆ ಬನ್ನಿ. ಮೊಬೈಲ್‌ನಲ್ಲಿ ಓದೋರು ದಯವಿಟ್ಟು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ.

ಇವತ್ತು ನಾವು ನಿಶ್ಚಿತಾರ್ಥದ ಉಂಗುರದ ಬಗ್ಗೆ ಕಲಿಯೋಣ. ನಗಬೇಡಿ, ಇದು ಸಣ್ಣ ವಿಷಯ ಅಲ್ಲ. ಮದುವೆಗೆ ಮುಂಚೆ ಕೌನ್ಸೆಲಿಂಗ್‌ಗೆ ಬರುವ ಜೋಡಿಗಳನ್ನು ನಾನು ಕೇಳ್ತೀನಿ: "ಉಂಗುರಕ್ಕೆ ಎಷ್ಟು ಇಟ್ಟಿದ್ದೀರಿ?" ಹುಡುಗ ಗೋಡೆ ನೋಡ್ತಾನೆ, ಹುಡುಗಿ ನೆಲ ನೋಡ್ತಾಳೆ. ಎಲ್ಲಿ ಮನೆ ಮಾಡೋದು, ಯಾವ ಸಭೆಗೆ ಹೋಗೋದು, ಎಲ್ಲಾ ಮಾತಾಡಿರ್ತಾರೆ. ಈ ಒಂದು ಅಂಕಿ ಮಾತ್ರ ಇಬ್ಬರ ಬಾಯಿಂದಲೂ ಬಂದಿರಲ್ಲ. ಹುಡುಗ ಗುಟ್ಟಾಗಿ ಪರ್ಸನಲ್ ಲೋನ್‌ಗೆ ಅರ್ಜಿ ಹಾಕಿರ್ತಾನೆ. ಹುಡುಗಿ "ಇಷ್ಟೆಲ್ಲಾ ಬೇಡ" ಅಂತ ಹೇಳೋಕೆ ಸಂಕೋಚ ಪಟ್ಕೊಂಡಿರ್ತಾಳೆ. ಪ್ರಿಯರೇ, ಬಾಳಿನ ಅತಿ ದೊಡ್ಡ ಮಾತು ಕೊಡುವ ದಿನಕ್ಕೆ ಮುಂಚೆಯೇ ಅಲ್ಲೊಂದು ಮುಚ್ಚುಮರೆ ಶುರುವಾಗಿದೆ. ನನ್ನ ಚಿಂತೆ ಅದು.

1. ರೆಬೆಕ್ಕಳಿಗೆ ಕೊಟ್ಟದ್ದು

ಅಬ್ರಹಾಮನ ಹಿರಿಯ ಸೇವಕ ಇಸಾಕನಿಗೆ ಹೆಣ್ಣು ಹುಡುಕಿಕೊಂಡು ಹತ್ತು ಒಂಟೆಗಳ ಜೊತೆ ಹೊರಟ. ಬಾವಿಯ ಹತ್ತಿರ ಪ್ರಾರ್ಥನೆ ಮಾಡಿದ. ರೆಬೆಕ್ಕ ಬಂದಳು, ಅವನಿಗೂ ನೀರು ಕೊಟ್ಟಳು, ಒಂಟೆಗಳಿಗೂ ಸೇದಿ ಹಾಕಿದಳು. ಅವನು ಸುಮ್ಮನೆ ನೋಡ್ತಾ ನಿಂತಿದ್ದ. ಒಂಟೆಗಳು ಕುಡಿದು ಮುಗಿಸಿದ ಮೇಲೇ ಚಿನ್ನ ಹೊರಗೆ ತೆಗೆದ. ಮೊದಲು ಗುಣ, ಆಮೇಲೆ ಒಡವೆ. ಈ ಕ್ರಮ ಗುರುತು ಹಾಕ್ಕೊಳ್ಳಿ.

22ನೇ ವಚನದಲ್ಲಿ ಇನ್ನೊಂದು ವಿಷಯ ಇದೆ. ಸತ್ಯವೇದ ಅಲ್ಲಿ ತೂಕ ಬರೆದಿದೆ. ಮೂಗುತಿ ಅರ್ಧ ಶೆಕೆಲ್, ಅಂದ್ರೆ ಇವತ್ತಿನ ಲೆಕ್ಕದಲ್ಲಿ ಸುಮಾರು 5ರಿಂದ 6 ಗ್ರಾಂ. ಬಳೆಗಳು ಹತ್ತು ಶೆಕೆಲ್. ಚಿನ್ನ ಕೊಡುವಾಗ ತೂಕ, ಲೆಕ್ಕ ಕೇಳೋದು ಅನಾತ್ಮಿಕ ಅಂತ ಯಾರಾದರೂ ಹೇಳಿದ್ರೆ ಈ ವಚನ ತೋರಿಸಿ.

"ಅಷ್ಟು ಚಿನ್ನ ಕೊಟ್ಟರಲ್ಲ ಬ್ರದರ್, ನಾವೂ ಕೊಡಬೇಡವೇ?" ಅಂತ ಕೇಳಬಹುದು. 35ನೇ ವಚನ ಓದಿ. ಅಬ್ರಹಾಮನ ಮನೆಯಲ್ಲಿ ಬೆಳ್ಳಿ ಬಂಗಾರ, ದನಕುರಿ ತುಂಬಿತ್ತು. ಅವನು ಇದ್ದದ್ದರಲ್ಲಿ ಕೊಟ್ಟ, ಸಾಲ ಮಾಡಿ ಕೊಟ್ಟ ಅಂತ ಎಲ್ಲೂ ಇಲ್ಲ. ಇಪ್ಪತ್ತೆಂಟು ಸಾವಿರ ಸಂಬಳದಲ್ಲಿ ಪಿಜಿ ಬಾಡಿಗೆ ಕಟ್ಟಿ, ಊರಿಗೆ ದುಡ್ಡು ಕಳಿಸಿ, ದಶಮಾಂಶ ಕೊಡುವ ಹುಡುಗನಿಗೆ ಅವನ ಅಳತೆ ಬೇರೆ.

2. ಎರಡು ತಿಂಗಳ ಸಂಬಳ ಎಂಬ ನಿಯಮ ಯಾರದ್ದು?

ವಜ್ರದ ಉಂಗುರಕ್ಕೆ ಎರಡು ತಿಂಗಳ ಸಂಬಳ ಖರ್ಚು ಮಾಡ್ಬೇಕು ಅಂತ ನಿಮ್ಮಲ್ಲಿ ಎಷ್ಟೋ ಜನ ಕೇಳಿದ್ದೀರಿ. ಅದು ವಾಕ್ಯವೂ ಅಲ್ಲ, ನಮ್ಮ ಹಿರಿಯರ ಪದ್ಧತಿಯೂ ಅಲ್ಲ. ಡಿ ಬಿಯರ್ಸ್ ಎಂಬ ವಜ್ರದ ಕಂಪನಿ 1980ರ ದಶಕದಲ್ಲಿ ಅಮೆರಿಕದಲ್ಲಿ ಕೊಟ್ಟ ಜಾಹೀರಾತುಗಳಿಂದ ಬಂದ ಮಾತು. ಜಪಾನ್‌ನಲ್ಲಿ ಅದೇ ಕಂಪನಿ ಮೂರು ತಿಂಗಳ ಸಂಬಳ ಅಂತ ಪ್ರಚಾರ ಮಾಡ್ತು. ವಜ್ರ ಶಾಶ್ವತ ಎನ್ನುವ ಅವರ ಪ್ರಸಿದ್ಧ ಘೋಷಣೆ ಹುಟ್ಟಿದ್ದು 1947ರಲ್ಲಿ. ಮಾರುವವರು ಬರೆದ ನಿಯಮಕ್ಕೆ ನಾವು ಯಾಕೆ ತಲೆ ಬಾಗಬೇಕು?

ಕೆಲವು ಪೆಂತೆಕೊಸ್ತ್ ಸಭೆಗಳಲ್ಲಿ ಒಡವೆಯನ್ನೇ ಹಾಕಲ್ಲ, ಉಂಗುರದ ಬದಲು ಸತ್ಯವೇದ ಕೊಟ್ಟು ನಿಶ್ಚಯ ಮಾಡ್ತಾರೆ. ಹುಡುಗ ಒಂದು ಸಭೆ, ಹುಡುಗಿ ಇನ್ನೊಂದು ಸಭೆ ಆಗಿದ್ರೆ ಇದನ್ನು ಮೊದಲೇ ಮಾತಾಡಿ. ಉಂಗುರ ಇಲ್ಲದಿದ್ರೂ ನಿಶ್ಚಯ ನಿಶ್ಚಯವೇ.

3. ಕೂತು ಲೆಕ್ಕ ಹಾಕೋದು

ಲೂಕ 14ರಲ್ಲಿ ಯೇಸು ಗೋಪುರ ಕಟ್ಟುವವನ ಮಾತು ಹೇಳ್ತಾನೆ. ಆ ಮನುಷ್ಯ ಮೊದಲು ಕೂತ್ಕೋಬೇಕು, ಖರ್ಚು ಎಣಿಸಬೇಕು. ಚಿನ್ನದಂಗಡಿಯ ಲೈಟಿನ ಕೆಳಗೆ ನಿಂತು ಎಣಿಸಿದ್ರೆ ಆಗಲ್ಲ, ಮನೆಯಲ್ಲಿ ಕೂತು ಎಣಿಸಬೇಕು. ಬನ್ನಿ, ಒಂದು ಲೆಕ್ಕ ಮಾಡೋಣ.

ಸುಲಭಕ್ಕೆ 22 ಕ್ಯಾರಟ್ ಚಿನ್ನ ಗ್ರಾಂಗೆ 10,000 ರೂಪಾಯಿ ಅಂತ ಇಟ್ಕೊಳ್ಳಿ. ಮನೆಗೆ ಹೋಗಿ ಅವತ್ತಿನ ರೇಟ್ ಹಾಕಿ ನೀವೇ ಮಾಡಿ. 3 ಗ್ರಾಂ ಉಂಗುರಕ್ಕೆ ಚಿನ್ನದ ಬೆಲೆ 30,000. ಮಜೂರಿ, ಅಂದ್ರೆ ಮೇಕಿಂಗ್ ಚಾರ್ಜ್, 15% ಆದ್ರೆ 4,500. ಒಟ್ಟು 34,500. ಇದರ ಮೇಲೆ 3% ಜಿಎಸ್‌ಟಿ 1,035. ಕೈಯಿಂದ ಹೋಗೋದು 35,535.

ಅದೇ ಉಂಗುರ 18 ಕ್ಯಾರಟ್‌ನಲ್ಲಿ ಮಾಡಿಸಿದ್ರೆ ಚಿನ್ನದ ಅಂಶ ಕಡಿಮೆ, ಗ್ರಾಂಗೆ ಸುಮಾರು 8,190. ಅದೇ ಮಜೂರಿ, ಅದೇ ತೆರಿಗೆ ಸೇರಿ ಸುಮಾರು 29,100. ಆರು ಸಾವಿರಕ್ಕೂ ಹೆಚ್ಚು ಉಳೀತು. 18 ಕ್ಯಾರಟ್ ಗಟ್ಟಿ ಕೂಡ, ಹರಳು ಕೂರಿಸೋಕೆ 22ಕ್ಕಿಂತ ಒಳ್ಳೇದು. 14 ಕ್ಯಾರಟ್ ಇನ್ನೂ ಕಡಿಮೆಗೆ ಸಿಗುತ್ತೆ. 2025ರಿಂದ 9 ಕ್ಯಾರಟ್‌ಗೂ ಹಾಲ್‌ಮಾರ್ಕ್ ಇದೆ.

ಮಜೂರಿ ಅಂಗಡಿಯಿಂದ ಅಂಗಡಿಗೆ, ಡಿಸೈನ್‌ನಿಂದ ಡಿಸೈನ್‌ಗೆ ಬದಲಾಗುತ್ತೆ. ನಮ್ಮ 30,000ದ ಚಿನ್ನಕ್ಕೆ 15% ಬದಲು 8% ಆದ್ರೆ 4,500 ಇದ್ದದ್ದು 2,400 ಆಯ್ತು. ಸಾದಾ ಉಂಗುರಕ್ಕೆ ಕೆಲಸ ಕಡಿಮೆ, ಆದ್ದರಿಂದ ಧೈರ್ಯವಾಗಿ ಚೌಕಾಸಿ ಮಾಡಿ. ಬೆಂಗಳೂರಿನಲ್ಲಿ ಇರೋರು ಒಂದೇ ಶೋರೂಮ್ ನೋಡಿ ನಿರ್ಧಾರ ಮಾಡ್ಬೇಡಿ. ಅವೆನ್ಯೂ ರಸ್ತೆ, ನಗರ್ತಪೇಟೆ ಕಡೆ ಒಂದು ಶನಿವಾರ ನಡೆದಾಡಿ, ಮೂರು ಕಡೆ ಕೇಳಿ, ಬರೆದುಕೊಳ್ಳಿ. ಹಾಗೇ, "ಮಜೂರಿ ಫ್ರೀ" ಅಂತ ಬೋರ್ಡ್ ಇದ್ರೆ ಗ್ರಾಂ ರೇಟ್ ಮತ್ತು ವೇಸ್ಟೇಜ್ ಎರಡನ್ನೂ ಕೇಳಿ. ಒಂದು ಕಡೆ ಬಿಟ್ಟದ್ದನ್ನು ಇನ್ನೊಂದು ಕಡೆ ಸೇರಿಸಿರಬಹುದು.

ಮನೆಯಲ್ಲಿ ಒಂಟಿ ಓಲೆ, ಕಿತ್ತುಹೋದ ಸರ ಇದ್ರೆ ಅದನ್ನು ಬದಲಾಯಿಸಿಕೊಳ್ಳೋದು ಎಲ್ಲಕ್ಕಿಂತ ಒಳ್ಳೆ ದಾರಿ. ಅಮ್ಮನನ್ನು ಕೇಳಿ, ಅವರೇ ಖುಷಿಯಿಂದ ಕೊಟ್ಟರೆ ತಗೊಳ್ಳಿ. ಕರಗಿಸುವ ಮುಂಚೆ ನಿಮ್ಮ ಕಣ್ಣೆದುರು ಮೆಷೀನ್‌ನಲ್ಲಿ ಶುದ್ಧತೆ ನೋಡಿಸಿ, ತೂಕ ಬರೆಸಿ.

4. ಮೋಸ ಹೋಗದಿರಲು

ಹಾಲ್‌ಮಾರ್ಕ್ ನೋಡಿ. ಮೂರು ಗುರುತು ಇರಬೇಕು: ಬಿಐಎಸ್ ಚಿಹ್ನೆ, ಶುದ್ಧತೆ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ. 22 ಕ್ಯಾರಟ್‌ಗೆ 916, 18ಕ್ಕೆ 750, 14ಕ್ಕೆ 585. ಹಾಲ್‌ಮಾರ್ಕ್ ಮಾಡಿದ ಒಡವೆಯನ್ನು ಎಚ್‌ಯುಐಡಿ ಇಲ್ಲದೆ ಮಾರುವಂತಿಲ್ಲ ಎಂಬ ನಿಯಮ 2023ರ ಏಪ್ರಿಲ್ 1ರಿಂದ ಇದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಆರು ಅಕ್ಷರ ಹಾಕಿದ್ರೆ ಒಡವೆ ಯಾವುದು, ಶುದ್ಧತೆ ಎಷ್ಟು ಅಂತ ಅಲ್ಲೇ ಬರುತ್ತೆ. ಅಂಗಡಿಯಲ್ಲೇ ನಿಂತು ನೋಡಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಬಜೆಟ್ ಕಡಿಮೆ ಇರೋರು ಇದನ್ನು ವಿಶೇಷವಾಗಿ ಕೇಳಿಸಿಕೊಳ್ಳಿ: 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯ ಅಲ್ಲ. ತೆಳುವಾದ ಉಂಗುರ ತಗೊಳ್ಳೋರಿಗೆ ಇಲ್ಲೇ ಪೆಟ್ಟು ಬೀಳೋದು. ಕಡ್ಡಾಯ ಇಲ್ಲದಿದ್ರೂ ಹಾಲ್‌ಮಾರ್ಕ್ ಇರುವ ಉಂಗುರವನ್ನೇ ಕೇಳಿ.

ಬಿಲ್‌ನಲ್ಲಿ ಚಿನ್ನದ ತೂಕ ಬೇರೆ, ಹರಳಿನ ತೂಕ ಬೇರೆ ಇರಬೇಕು. ಇಲ್ಲದಿದ್ರೆ ಕಲ್ಲಿಗೂ ಚಿನ್ನದ ರೇಟ್ ಕೊಟ್ಟಿರ್ತೀರಿ. ವಾಪಸ್ ತಗೊಂಡ್ರೆ ಎಷ್ಟು ಕಡಿತ ಅನ್ನೋದನ್ನೂ ಬರೆಸಿಕೊಳ್ಳಿ.

ಹರಳು ಬೇಕೇ ಬೇಕು ಅನ್ನೋರಿಗೆ ಎರಡು ಮಾತು. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ನಿಜವಾದ ವಜ್ರವೇ, ಅದೇ ಇಂಗಾಲ. ಬೆಲೆ ಗಣಿಯ ವಜ್ರಕ್ಕಿಂತ ಬಹಳ ಕಡಿಮೆ, ಆದರೆ ಮರುಮಾರಾಟದಲ್ಲಿ ಹೆಚ್ಚೇನೂ ಸಿಗಲ್ಲ. ಮೊಯ್ಸನೈಟ್, ಜಿರ್ಕೋನಿಯಾ ವಜ್ರ ಅಲ್ಲ. ಅವನ್ನು ಹಾಕೋದ್ರಲ್ಲಿ ತಪ್ಪಿಲ್ಲ, ಆದರೆ ವಜ್ರ ಅಂತ ಹೇಳಿ ಕೊಡಬೇಡಿ. ಮದುವೆಯನ್ನು ಒಂದು ಸುಳ್ಳಿನ ಮೇಲೆ ಶುರು ಮಾಡೋದು ಬೇಡ.

5. ಸಾಲದ ಉಂಗುರ

ಜ್ಞಾನೋಕ್ತಿ 22:7 ಓದಿ. ಸಾಲ ತಗೊಂಡವನ ಸ್ವಾತಂತ್ರ್ಯ ಕೊಟ್ಟವನ ಕೈಗೆ ಹೋಗುತ್ತೆ ಅನ್ನೋದು ಅಲ್ಲಿನ ಬುದ್ಧಿ. ಒಂದು ಲಕ್ಷ ಪರ್ಸನಲ್ ಲೋನ್, ವರ್ಷಕ್ಕೆ 16% ಬಡ್ಡಿ, ಮೂರು ವರ್ಷ ಅಂತ ಇಟ್ಕೊಳ್ಳಿ. ತಿಂಗಳಿಗೆ ಸುಮಾರು 3,515 ಕಟ್ಟಬೇಕು. ಬಡ್ಡಿಯೊಂದೇ ಇಪ್ಪತ್ತಾರು ಸಾವಿರದ ಮೇಲೆ. ನಮ್ಮ ಲೆಕ್ಕದ 18 ಕ್ಯಾರಟ್ ಉಂಗುರದ ಬೆಲೆಗೆ ಹತ್ತಿರ ಬಂತು ನೋಡಿ! ಆ ಕಂತನ್ನು ಯಾರು ಕಟ್ಟೋದು? ಮದುವೆ ಆದಮೇಲೆ ಇಬ್ಬರೂ. ಅವಳ ಬೆರಳಿಗೆ ಹಾಕಿದ ಉಡುಗೊರೆಗೆ ಅವಳ ಸಂಬಳದಿಂದಲೂ ಕಂತು ಹೋಗುತ್ತೆ. ಹೊಸ ಮನೆಯ ಅಡ್ವಾನ್ಸ್ ಕೊಡೋ ಹೊತ್ತಿಗೆ ಇದೇ ಜಗಳ ಆಗುತ್ತೆ.

ಅದೇ 3,000 ರೂಪಾಯಿಯನ್ನು ಈಗಿಂದ ಹತ್ತು ತಿಂಗಳು ಆರ್‌ಡಿ ಕಟ್ಟಿದ್ರೆ ಸಾಲವಿಲ್ಲದೆ ಮೂವತ್ತು ಸಾವಿರ ಕೈಯಲ್ಲಿರುತ್ತೆ. ಅಷ್ಟು ಸಮಯ ಇಲ್ವಾ? ಬೆಳ್ಳಿ ಉಂಗುರ ಹಾಕಿ. 925 ಬೆಳ್ಳಿ ಕೆಲವೇ ಸಾವಿರಕ್ಕೆ ಬರುತ್ತೆ. ಮುಂದೆ ಕರ್ತನು ಕೃಪೆ ಮಾಡಿದಾಗ ಚಿನ್ನ ಮಾಡಿಸಿ.

6. ಎರಡು ಮನೆಗಳ ಮಾತು

ನಮ್ಮಲ್ಲಿ ಉಂಗುರ ಒಂದಲ್ಲ, ಎರಡು. ಹುಡುಗನ ಮನೆಯವರು ಹುಡುಗಿಗೆ, ಹುಡುಗಿ ಮನೆಯವರು ಹುಡುಗನಿಗೆ. ಸಹೋದರರೇ, ಇಲ್ಲಿ ನಿಮಗೆ ನೇರವಾಗಿ ಹೇಳ್ತೀನಿ. "ನಮ್ಮ ಹುಡುಗನಿಗೆ ಇಷ್ಟು ಗ್ರಾಂ ಇರಲೇಬೇಕು" ಅಂತ ನಿಮ್ಮ ಮನೆಯವರು ಕೇಳಿದ್ರೆ ಅದು ವರದಕ್ಷಿಣೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೇಳೋದೇ ಅಪರಾಧ. ಅಪ್ಪ ಅಮ್ಮ ಕೇಳಿದ್ರು ಅಂತ ಸುಮ್ಮನೆ ಕೂರಬೇಡಿ. ಗೌರವದಿಂದ, ಆದರೆ ಸ್ಪಷ್ಟವಾಗಿ "ಅಪ್ಪಾ, ಬೇಡ" ಅನ್ನಿ. ಆ ಮಾತು ಹೇಳೋಕೆ ಧೈರ್ಯ ಇಲ್ಲದ ಗಂಡು ಮುಂದೆ ಹೆಂಡತಿಯ ಪರವಾಗಿ ಹೇಗೆ ನಿಲ್ತಾನೆ?

ಸಹೋದರಿಯರೇ, ನಿಮಗೂ ಒಂದು ಮಾತು. ಅವನು ತನ್ನ ಶಕ್ತಿ ಇಷ್ಟೇ ಅಂತ ಸತ್ಯ ಹೇಳಿದ್ರೆ, ಗೆಳತಿಯ ಇನ್‌ಸ್ಟಾಗ್ರಾಮ್ ಫೋಟೋ ಜೊತೆ ಅದನ್ನು ತೂಗಬೇಡಿ. ಸತ್ಯ ಹೇಳುವ ಗಂಡ ಸಿಕ್ಕಿದ್ದಾನೆ ಅಂತ ಸ್ತೋತ್ರ ಮಾಡಿ.

ಪ್ರಿಯರೇ, ನಾನು ಹೇಳಬೇಕಾದದ್ದು ಇಷ್ಟೇ. ಅಂಗಡಿ ಮೆಟ್ಟಿಲು ಹತ್ತುವ ಮುಂಚೆ ಆ ಅಂಕಿಯನ್ನು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳಿ. ಅದು ಎಂಟು ಸಾವಿರ ಆಗಿರಲಿ, ಎಂಬತ್ತು ಸಾವಿರ ಆಗಿರಲಿ. ಹಣದ ವಿಷಯದಲ್ಲಿ ನೀವು ಒಟ್ಟಾಗಿ ಮಾಡುವ ಮೊದಲ ಪ್ರಾಮಾಣಿಕ ಕೆಲಸ ಅದು.

ಗುಂಪಿನಲ್ಲಿ ಮಾತಾಡಿ

1. ಈಗಿನ ನನ್ನ ಸಂಬಳ, ಸಾಲ, ಮನೆಗೆ ಕಳಿಸುವ ಹಣ: ಇವನ್ನು ನಾನು ಮದುವೆಯಾಗುವವರಿಗೆ ಹೇಳಿದ್ದೇನೆಯೇ?
2. ಉಂಗುರದ ವಿಷಯದಲ್ಲಿ ನಾನು ಯಾರ ಕಣ್ಣಿಗೆ ಹೆದರುತ್ತಿದ್ದೇನೆ?
3. ನಮ್ಮ ಮನೆಯವರು ಎದುರು ಮನೆಯವರಿಂದ ಏನಾದರೂ ಕೇಳುತ್ತಿದ್ದಾರೆಯೇ? ಅದರ ಬಗ್ಗೆ ನಾನು ಏನು ಮಾಡುತ್ತೇನೆ?

ಪ್ರಾರ್ಥಿಸೋಣ. ತಂದೆಯೇ, ಈ ಯೌವನಸ್ಥರಿಗಾಗಿ ಸ್ತೋತ್ರ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಧೈರ್ಯ ಕೊಡು. ಸಾಲದ ಭಾರದಿಂದ, ಜನರ ಬಾಯಿಯ ಭಯದಿಂದ ಇವರ ಮನೆಗಳನ್ನು ಕಾಪಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.